ಮುಪ್ಪಿನಲ್ಲಿ ದೇಹದ ಅರಿವು

ಮನೆಯ ಹಿರಿಯರನ್ನು ‘ಅಜ್ಜಾ, ಆರಾಮವೇ?’ ಎಂದು ಕೇಳಿದರೆ, ‘ಆರಾಮ ಇದ್ದೇನೆ ತಮ್ಮಾ’ ಎಂಬ ಉತ್ತರ ಬರುವುದು. ನಾವು ಅಷ್ಟಕ್ಕೇ ಸಮಾಧಾನಗೊಂಡು ನಮ್ಮ ಕೆಲಸಕ್ಕೆ ಹೊರಡುವೆವು. ಆದರೆ ಆ ಮಾತು ಎಷ್ಟರಮಟ್ಟಿಗೆ ನಿಜ? ಮುಪ್ಪಿನಲ್ಲಿ ಮನುಷ್ಯನು ತನ್ನ ದೇಹಸ್ಥಿತಿಗೆ ತಾನೇ ಸಾಕ್ಷಿಯಾಗಬಲ್ಲನೆ?

ಈ ಸಾಕ್ಷಿಯು ಅಲ್ಪವಾದುದಲ್ಲ. ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತದಲ್ಲಿ 1971ರಲ್ಲಿ 65 ವರ್ಷ ಮೀರಿದವರನ್ನು ‘ನಿಮ್ಮ ವಯಸ್ಸಿಗೆ ನಿಮ್ಮ ಆರೋಗ್ಯವು ಹೇಗಿದೆ?’ ಎಂದು ಕೇಳಿ, ಮುಂದಿನ ಆರು ವರ್ಷ ಅವರ ಅಳಿವು ಉಳಿವುಗಳನ್ನು ಗಮನಿಸಲಾಯಿತು. ಮಾಸ್ಸಿ ಮತ್ತು ಶಪಿರೊ ಎಂಬ ವಿದುಷಿಯರು 1982ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ‘ಕೆಟ್ಟಿದೆ’ ಎಂದವರಿಗೆ, ‘ಅತ್ಯುತ್ತಮ’ ಎಂದವರಿಗಿಂತ ಮರಣದ ಸಂಭವವು ಸುಮಾರು ಮೂರು ಪಟ್ಟು ಇದ್ದಿತು. ವೈದ್ಯರ ದಾಖಲೆಗಳಲ್ಲಿ ಸಮಾನ ಸ್ಥಿತಿಯವರಾಗಿ ಕಂಡವರಲ್ಲಿಯೂ ಈ ಭೇದವು ಉಳಿಯಿತು. ವೈದ್ಯನ ಕಣ್ಣಿಗೆ ಬೀಳದ ಏನನ್ನೋ ಒಳಗಿನವನು ಅರಿತಿದ್ದನು.

ಆದರೆ ಕಾಲ ಕಳೆದಂತೆ ಅಳೆಯುವ ಕೋಲೇ ಬದಲಾಗುವುದು. 70ರಲ್ಲಿ ಹೊಲದವರೆಗೆ ನಡೆಯಲಾರದುದನ್ನು ಅನಾರೋಗ್ಯವೆಂದವನು, 80ರಲ್ಲಿ ಜಗಲಿಯವರೆಗೆ ಬಂದರೆ ಆರಾಮವೆನ್ನುವನು. ಅವನು ಸುಳ್ಳಾಡುತ್ತಿಲ್ಲ, ಜೊತೆಯವರು ಒಬ್ಬೊಬ್ಬರೇ ಕಣ್ಮರೆಯಾಗುತ್ತಿರಲು, ಬದುಕಿರುವುದೇ ಆರೋಗ್ಯವೆಂದು ತೋರುವುದು. ಸಹನೆಯು ಸದ್ಗುಣವೇ ಸರಿ. ಆದರೂ ಅದು ರೋಗವನ್ನು ಮರೆಮಾಡಬಲ್ಲುದು. ರಕ್ತದ ಒತ್ತಡದಂತಹ ವ್ಯಾಧಿಯಂತೂ ಬಹುಮಂದಿಗೆ ನೋವಿನ ಸುಳಿವನ್ನೇ ಕೊಡದು.

ಅರಿವು ಇದ್ದಲ್ಲಿ ದೂರು ಹೆಚ್ಚು ಎಂಬುದನ್ನು ಅಮರ್ತ್ಯ ಸೇನರು 2002ರಲ್ಲಿ ಎತ್ತಿ ತೋರಿದರು. ಬಿಹಾರದವರಿಗಿಂತ ದೀರ್ಘಾಯುಗಳಾದ ಕೇರಳದವರೇ ತಮಗೆ ಕಾಯಿಲೆಯೆಂದು ಹೆಚ್ಚಾಗಿ ಹೇಳಿಕೊಳ್ಳುತ್ತಿದ್ದರು. ವಿದ್ಯೆಯೂ ಆಸ್ಪತ್ರೆಯೂ ಇರುವಲ್ಲಿ ಜನರು ರೋಗವನ್ನು ರೋಗವೆಂದು ಗುರುತಿಸುವರು. ಇಲ್ಲದಲ್ಲಿ ನೋವನ್ನೇ ಸಹಜವೆಂದು ಬಗೆಯುವರು.

ಆದುದರಿಂದ ಹಿರಿಯರು ‘ಏನೋ ಸರಿಯಿಲ್ಲ’ ಎಂದಾಗ, ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ, ಆ ಮಾತನ್ನು ತಳ್ಳಿಹಾಕಬಾರದು. ‘ಆರಾಮ’ ಎಂದಾಗ ಅಲ್ಲಿಗೇ ಬಿಡಲೂ ಬಾರದು; ಕಳೆದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿರುವರೆಂಬುದನ್ನು ನೋಡಬೇಕು. ಮಕ್ಕಳಿಗೆ ಹೊರೆಯಾಗಬಾರದೆಂದು ನೋವನ್ನು ನುಂಗುವ ಹಿರಿಯರೂ ಯೋಚಿಸಬೇಕು: ಇಂದು ಮುಚ್ಚಿಟ್ಟ ರೋಗವೇ ನಾಳೆ ದೊಡ್ಡ ಹೊರೆಯಾಗುವುದು. ಕಾಯಕಕ್ಕೆ ಸಾಧನವಾದ ಕಾಯದ ವಿಷಯದಲ್ಲಿ ಸತ್ಯವನ್ನು ನುಡಿಯುವುದು ಹಿರಿಯರ ಧರ್ಮ. ಅದನ್ನು ಬಿಡುವು ಮಾಡಿಕೊಂಡು ಕೇಳುವುದು ಮನೆಯವರ ಧರ್ಮ.