ಬಣ್ಣ ಹಚ್ಚದೆ ನೋಡುವುದು

ಗಾಜಿನ ಲೋಟದಲ್ಲಿ ಬಿಸಿನೀರು ತುಂಬಿ, ಕಲ್ಲುಸಕ್ಕರೆಯ ಒಂದು ತುಂಡನ್ನು ದಾರಕ್ಕೆ ಕಟ್ಟಿ ಇಳಿಬಿಡಿ. ಕಲಕಬೇಡಿ. ಕಿಟಕಿಯ ಬೆಳಕಿಗೆ ಹಿಡಿದರೆ ತುಂಡಿನ ಅಡಿಯಿಂದ ಸಣ್ಣ ಸಣ್ಣ ಎಳೆಗಳು ಬಳುಕುತ್ತ ಕೆಳಗಿಳಿಯುವುದು ಕಾಣುತ್ತದೆ. ನೀರಿಗೂ ಬಣ್ಣವಿಲ್ಲ, ಕರಗಿದ ಸಕ್ಕರೆಗೂ ಬಣ್ಣವಿಲ್ಲ. ಆದರೂ ಒಂದರೊಳಗೆ ಇನ್ನೊಂದು ಇಳಿಯುವುದು ಕಣ್ಣಿಗೆ ಸಿಗುತ್ತದೆ. ಸಕ್ಕರೆ ಕರಗಿದ ನೀರು ಬರೀ ನೀರಿಗಿಂತ ಸಾಂದ್ರವಾದದ್ದು. ಅದರೊಳಗೆ ಬೆಳಕು ತುಸು ನಿಧಾನವಾಗುತ್ತದೆ, ತುಸು ಬಾಗುತ್ತದೆ. ಆ ತುಸು ವ್ಯತ್ಯಾಸವೇ ನಮಗೆ ಎಳೆಯಾಗಿ ತೋರುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಅರ್ಧ ಗಂಟೆ ಮನೆ ಶಾಂತವಾಗಿರುತ್ತದೆ ಎಂಬ ಲಾಭ ಬೇರೆ.

ನಮ್ಮ ಮೈಯ ಜೀವಕೋಶಗಳೂ ಹೆಚ್ಚುಕಡಿಮೆ ಹೀಗೆಯೇ. ಕೆಂಪು ರಕ್ತಕಣದಂಥ ಕೆಲವನ್ನು ಬಿಟ್ಟರೆ ಬಹುಪಾಲು ಕೋಶಗಳಿಗೆ ಸ್ವಂತ ಬಣ್ಣವಿಲ್ಲ. ಒಳಗಿರುವುದು ಹೆಚ್ಚಾಗಿ ನೀರು, ಸುತ್ತಲಿರುವುದೂ ನೀರು. ಸಾಧಾರಣ ಸೂಕ್ಷ್ಮದರ್ಶಕದಡಿ ಇಟ್ಟರೆ ಇದೆಯೋ ಇಲ್ಲವೋ ಎಂಬಷ್ಟು ಮಸುಕು. ಹಾಗಾಗಿ ವಿಜ್ಞಾನಿಗಳು ಬಣ್ಣದ ಮೊರೆಹೋದರು. ನಮ್ಮ ಊರಿನ ರಕ್ತಪರೀಕ್ಷೆಯ ಕೇಂದ್ರದಲ್ಲಿ ಈಗಲೂ ಗಾಜಿನ ಸ್ಲೈಡಿನ ಮೇಲೆ ರಕ್ತದ ತೆಳುವಾದ ಪದರ ಎಳೆದು, ಅದಕ್ಕೆ ಲೀಶ್ಮನ್ ಬಣ್ಣ ಸುರಿಯುತ್ತಾರೆ. ಬಿಳಿ ಕಣಗಳ ನ್ಯೂಕ್ಲಿಯಸ್ ನೇರಳೆಯಾಗಿ ಎದ್ದು ಕಾಣುತ್ತದೆ. ಆ ಬಣ್ಣವನ್ನು ಕಲಸಿರುವುದು ಮೆಥನಾಲಿನಲ್ಲಿ. ಅದು ತಾಗಿದ ಕೋಶ ಕಾಣಿಸಿಕೊಳ್ಳುವ ಹೊತ್ತಿಗೆ ಸತ್ತಿರುತ್ತದೆ. ಪರೀಕ್ಷೆಗೆ ಕೊಟ್ಟ ರಕ್ತ ನಮ್ಮ ಮೈಗೆ ಮರಳಬೇಕಾಗಿಲ್ಲವಾದ್ದರಿಂದ ಇದರಿಂದ ಯಾರಿಗೂ ನಷ್ಟವಿಲ್ಲ.

ಕೋಶವನ್ನು ಕೊಲ್ಲದೆ, ಬಣ್ಣವನ್ನೂ ಹಚ್ಚದೆ ನೋಡುವ ದಾರಿ ತೆರೆದವರು ನೆದರ್‌ಲ್ಯಾಂಡ್ಸಿನ ಗ್ರೊನಿಂಗೆನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಫ್ರಿಟ್ಸ್ ಜೆರ್ನಿಕೆ. ಕೋಶದೊಳಗಿಂದ ಹಾದುಬಂದ ಬೆಳಕಿನ ಅಲೆ, ಪಕ್ಕದ ನೀರಿನಿಂದ ಬಂದ ಅಲೆಗಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಅಲೆಯ ಹಿಂದುಮುಂದು ನಮ್ಮ ಕಣ್ಣಿಗೆ ತಿಳಿಯುವುದಿಲ್ಲ. ಹೆಚ್ಚುಕಡಿಮೆ ಹೊಳಪು ಮಾತ್ರ ತಿಳಿಯುತ್ತದೆ. ಜೆರ್ನಿಕೆ ಸೂಕ್ಷ್ಮದರ್ಶಕದೊಳಗೆ ವಿಶೇಷವಾಗಿ ತಯಾರಿಸಿದ ಒಂದು ಗಾಜಿನ ಬಿಲ್ಲೆ ಇಟ್ಟು, ಆ ಹಿಂದುಮುಂದನ್ನು ಕತ್ತಲೆ ಬೆಳಕಾಗಿ ಬದಲಿಸಿದರು. 1932ರಲ್ಲಿ ಜರ್ಮನಿಯ ಯೇನಾ ನಗರದ ಜೈಸ್ ಕಾರ್ಖಾನೆಗೆ ಹೋಗಿ ತೋರಿಸಿದಾಗ ಅಲ್ಲಿನ ಹಿರಿಯರೊಬ್ಬರು, ಇದರಿಂದ ಉಪಯೋಗವಿದ್ದಿದ್ದರೆ ನಾವೇ ಎಂದೋ ಕಂಡುಹಿಡಿಯುತ್ತಿದ್ದೆವು ಎಂಬರ್ಥದ ಮಾತಾಡಿದರಂತೆ. ಇಂಥ ಹಿರಿಯರು ಎಲ್ಲ ಮನೆಗಳಲ್ಲೂ ಒಬ್ಬರು ಇರುತ್ತಾರೆ. 1953ರಲ್ಲಿ ಜೆರ್ನಿಕೆಗೆ ನೊಬೆಲ್ ಬಂತು. ಇವತ್ತು ಜೀವಕೋಶ ಬೆಳೆಸುವ ಪ್ರಯೋಗಾಲಯಗಳಿಗೆ ಅವರ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕ ನಿತ್ಯದ ಉಪಕರಣ.

ನೋಡುವುದು ಒಂದು ಕೆಲಸವಾದರೆ ಬೇರ್ಪಡಿಸುವುದು ಇನ್ನೊಂದು. 1965ರಲ್ಲಿ ಅಮೆರಿಕದ ಲಾಸ್ ಅಲಾಮೊಸ್‌ನಲ್ಲಿ ಮ್ಯಾಕ್ ಫುಲ್ವೈಲರ್ ಎಂಬವರು ಕೋಶಗಳನ್ನು ಒಂದೊಂದಾಗಿ ಬೇರೆ ಮಾಡುವ ಯಂತ್ರವೊಂದನ್ನು ಕಟ್ಟಿದರು. ಕೋಶಗಳಿರುವ ದ್ರವವನ್ನು ಸಣ್ಣ ಹನಿಗಳಾಗಿ ಒಡೆದು, ಬೇಕಾದ ಹನಿಗೆ ವಿದ್ಯುದಂಶ ಕೊಟ್ಟು, ಎರಡು ತಗಡುಗಳ ನಡುವೆ ಹಾಯಿಸಿದರೆ ಹನಿ ಪಕ್ಕಕ್ಕೆ ಸರಿದು ಬೇರೆ ಪಾತ್ರೆಗೆ ಬೀಳುತ್ತದೆ. ಇಂಕ್‌ಜೆಟ್ ಮುದ್ರಣದ ತಂತ್ರವೇ ಇದು. ಆ ಯಂತ್ರಕ್ಕೆ ಬಣ್ಣ ಬೇಕಿರಲಿಲ್ಲ, ಆದರೆ ಅದಕ್ಕೆ ತಿಳಿಯುತ್ತಿದ್ದದ್ದು ಕೋಶದ ಗಾತ್ರವೊಂದೇ. ಕೆಲವೇ ವರ್ಷಗಳಲ್ಲಿ ಸ್ಟ್ಯಾನ್‌ಫರ್ಡ್‌ನ ಲೆನರ್ಡ್ ಹರ್ಜನ್‌ಬರ್ಗ್ ತಂಡ, ಹೊಳೆಯುವ ಬಣ್ಣ ಹೊತ್ತ ಪ್ರತಿಕಾಯಗಳನ್ನು ಕೋಶಕ್ಕೆ ಅಂಟಿಸಿ, ಲೇಸರ್ ಬೆಳಕಿನಲ್ಲಿ ಗುರುತು ಹಿಡಿದು ಬೇರ್ಪಡಿಸುವ ವಿಧಾನ ರೂಪಿಸಿತು. ಸೆಕೆಂಡಿಗೆ ಸಾವಿರಾರು ಕೋಶಗಳು! ಲ್ಯುಕೇಮಿಯಾದ ಬಗೆ ತಿಳಿಯಲು, ಎಚ್‌ಐವಿ ಸೋಂಕಿತರ ಸಿಡಿ4 ಕೋಶಗಳನ್ನು ಎಣಿಸಲು ಆಸ್ಪತ್ರೆಗಳು ನೆಚ್ಚಿಕೊಂಡಿರುವ ಫ್ಲೋ ಸೈಟೋಮೀಟರ್ ಇದೇ ವಂಶದ್ದು.

ತೊಡಕು ಬರುವುದು ಬೇರ್ಪಡಿಸಿದ ಕೋಶ ಮತ್ತೆ ಬದುಕಬೇಕಾದಾಗ. ಕಾರ್-ಟಿ ಚಿಕಿತ್ಸೆಯನ್ನೇ ನೋಡಿ. ಬಾಂಬೆ ಐಐಟಿಯಲ್ಲಿ ಬೆಳೆದುಬಂದ ನಮ್ಮದೇ ದೇಶದ ಕಾರ್-ಟಿಯನ್ನು 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳು ಲೋಕಾರ್ಪಣೆ ಮಾಡಿದ್ದು ನೆನಪಿರಬಹುದು. ರೋಗಿಯ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವ ಶಕ್ತಿ ಕೊಟ್ಟು, ಹೆಚ್ಚಿಸಿ, ಅದೇ ರೋಗಿಯ ಮೈಗೆ ಮರಳಿಸುತ್ತಾರೆ. ಇಂಥ ಕೋಶಕ್ಕೆ ಗುರುತಿನ ಅಂಟು ಹಚ್ಚುವುದು ನಿರುಪದ್ರವಿಯೇ ಎಂದು ಕೇಳಬೇಕಾಗುತ್ತದೆ. ಟಿ ಕೋಶದ ಮೇಲಿರುವ ಸಿಡಿ3 ಎಂಬ ಪ್ರೋಟೀನಿಗೆ ಪ್ರತಿಕಾಯ ಹೋಗಿ ಅಂಟಿದರೆ ಕೋಶ ಕೆರಳಬಹುದು. ಕೆರಳಿಸಲೆಂದೇ ಪ್ರಯೋಗಾಲಯದಲ್ಲಿ ಅದನ್ನು ಬಳಸುವುದೂ ಉಂಟು. ಗುರುತು ಹಿಡಿಯಲು ಹಚ್ಚಿದ್ದು ಎಲ್ಲ ಸಲವೂ ಸುಮ್ಮನೆ ಗುರುತಾಗಿ ಉಳಿಯುವುದಿಲ್ಲ. ಅಂಟಿಸಿಕೊಂಡವರ ಸ್ವಭಾವವನ್ನೇ ಬದಲಿಸಿಬಿಡಬಹುದು.

ಅದಕ್ಕೇ ಬೆಳಕಿನಿಂದಷ್ಟೇ ಕೋಶವನ್ನು ಅರಿಯುವ ಪ್ರಯತ್ನಗಳು ಮತ್ತೆ ಬಿರುಸಾಗಿವೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಯೋಹೆನ್ ಗುಕ್ ತಂಡ ಕೋಶಗಳನ್ನು ಇಕ್ಕಟ್ಟಾದ ಕಾಲುವೆಯಲ್ಲಿ ಹರಿಯಬಿಟ್ಟು, ಅವು ಎಷ್ಟು ಒತ್ತಿಸಿಕೊಳ್ಳುತ್ತವೆ, ಎಷ್ಟು ಬಿಗಿಯಾಗಿರುತ್ತವೆ ಎಂಬುದನ್ನು ವೇಗದ ಕ್ಯಾಮೆರಾದಿಂದ ಅಳೆಯುವ ಕ್ರಮವನ್ನು 2015ರಲ್ಲಿ ಪ್ರಕಟಿಸಿತು. ಮೃದುತ್ವವೂ ಒಂದು ಗುರುತೇ! ಟೋಕಿಯೊ ವಿಶ್ವವಿದ್ಯಾಲಯದ ಕೆಯ್ಸುಕೆ ಗೋಡಾ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದ ಯಂತ್ರವಂತೂ ನಮಗೆ ಇನ್ನೂ ಹತ್ತಿರದ್ದು. ಅದು ನೆಚ್ಚಿರುವುದು ರಾಮನ್ ಚದುರುವಿಕೆಯನ್ನು. 1928ರ ಫೆಬ್ರುವರಿ 28ರಂದು ಕೊಲ್ಕತ್ತದಲ್ಲಿ ಸಿ. ವಿ. ರಾಮನ್ ಕಂಡುಕೊಂಡದ್ದು ಇದನ್ನೇ: ಅಣುಗಳಿಗೆ ತಾಗಿ ಚದುರಿದ ಬೆಳಕಿನ ಅತ್ಯಲ್ಪ ಅಂಶ, ಆ ಅಣುವಿನ ಕಂಪನಕ್ಕೆ ತಕ್ಕಂತೆ ತನ್ನ ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಅಂದರೆ ಕೋಶದೊಳಗಿನ ಕೊಬ್ಬು, ಪಿಷ್ಟ, ಪ್ರೋಟೀನುಗಳು ತಮ್ಮ ಪರಿಚಯ ತಾವೇ ಹೇಳಿಕೊಳ್ಳುತ್ತವೆ. ಆ ಕ್ಷೀಣ ಬೆಳಕನ್ನು ಎರಡು ಲೇಸರುಗಳ ಜೋಡಿಯಿಂದ ಬಲಪಡಿಸಿ, ಸೆಕೆಂಡಿಗೆ ಸುಮಾರು 100 ಕೋಶಗಳ ಚಿತ್ರ ನೋಡಿ ಬೇರ್ಪಡಿಸಿದರು ಟೋಕಿಯೊದವರು. ಸಾವಿರಾರರ ಮುಂದೆ ನೂರು ಸಣ್ಣದಾಗಿ ಕಾಣುತ್ತದೆ, ನಿಜ. ಸಾವಧಾನದಿಂದ ನೋಡುವವರಿಗೆ ವೇಗ ತುಸು ಕಡಿಮೆಯೇ. 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ರಾಮನ್ ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ದೊಡ್ಡ ಯಂತ್ರಗಳಿಲ್ಲದೆಯೂ ಬಣ್ಣ ಹಚ್ಚದೆ ಕೋಶ ಆರಿಸುವ ಕೆಲಸ ನಡೆಯುತ್ತಲೇ ಇದೆ. 1992ರಿಂದೀಚೆಗೆ ಬಳಕೆಗೆ ಬಂದ ಇಕ್ಸಿ ವಿಧಾನದಲ್ಲಿ, ಮಕ್ಕಳಿಗಾಗಿ ಕಾದಿರುವ ದಂಪತಿಗಳಿಗೆ ನೆರವಾಗುವ ಭ್ರೂಣತಜ್ಞರು ಸೂಕ್ಷ್ಮದರ್ಶಕದ ಮುಂದೆ ಕೂತು, ಓಡಾಡುವ ವೀರ್ಯಾಣುಗಳಲ್ಲಿ ಒಂದನ್ನು ಆರಿಸಿ ಸೂಜಿಯಿಂದ ಅಂಡದೊಳಗೆ ಸೇರಿಸುತ್ತಾರೆ. ಬಣ್ಣ ಹಾಕಿ ಪರೀಕ್ಷಿಸಿದ ವೀರ್ಯಾಣುವನ್ನು ಸಾಮಾನ್ಯವಾಗಿ ಮಗುವಿಗಾಗಿ ಬಳಸುವುದಿಲ್ಲ. ಆಕಾರ ಹೇಗಿದೆ, ಚಲನೆ ಹೇಗಿದೆ ಎಂದು ಬರೀ ನೋಡಿ ನಿರ್ಧರಿಸಬೇಕು. ಆ ಸೂಕ್ಷ್ಮದರ್ಶಕದಲ್ಲಿರುವುದು ಜೆರ್ನಿಕೆಯ ಉಪಾಯ, ಇಲ್ಲವೇ ಅದರ ದಾಯಾದಿ. ಆಮೇಲೆ ಭ್ರೂಣ ಬೆಳೆಯುವ ಪೆಟ್ಟಿಗೆಯೊಳಗೂ ಎಷ್ಟೋ ಕಡೆ ಕ್ಯಾಮೆರಾ ಇರುತ್ತದೆ. ಭ್ರೂಣವನ್ನು ಹೊರಗೆ ತೆಗೆಯದೆ, ಮುಟ್ಟದೆ, ಒಂದು ಎರಡಾಗುವುದನ್ನು, ಎರಡು ನಾಲ್ಕಾಗುವುದನ್ನು ಗಮನಿಸುತ್ತಾರೆ.

ಗುರುತು ಹಚ್ಚುವುದೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ. ಸಿಡಿ4 ಟಿ ಕೋಶವನ್ನೂ ಸಿಡಿ8 ಟಿ ಕೋಶವನ್ನೂ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟರೆ ಎರಡೂ ಒಂದೇ ಥರದ ಗುಂಡು. ಅಂಟು ಹಚ್ಚದೆ ಅವನ್ನು ಬೇರೆ ಮಾಡುವುದು ಬಲು ಕಷ್ಟ. ಬಣ್ಣವಿಲ್ಲದ ಚಿತ್ರ ನೋಡಿ ಕೋಶವನ್ನು ಹೆಸರಿಸಲು ಕಂಪ್ಯೂಟರಿಗೆ ಕಲಿಸುವಾಗಲೂ, ಹೆಚ್ಚಾಗಿ ಮೊದಲು ಒಂದಷ್ಟು ಕೋಶಗಳಿಗೆ ಬಣ್ಣ ಹಚ್ಚಿ ಉತ್ತರ ತೋರಿಸಿರಬೇಕಾಗುತ್ತದೆ. ಬಣ್ಣದ ಋಣ ಅಷ್ಟು ಸುಲಭವಾಗಿ ತೀರದು. ಮೈಗೆ ಮರಳದ ಕೋಶಕ್ಕೆ ಧಾರಾಳವಾಗಿ ಬಣ್ಣ ಹಚ್ಚಲಿ. ನಾಳೆ ಬದುಕಬೇಕಾದ ಕೋಶಕ್ಕೆ ಹಚ್ಚುವ ಮುನ್ನ ಕೈ ತುಸು ತಡೆಯಲಿ, ಅಷ್ಟೆ.

ಮನೆಮಂದಿಗೆ ಗುರುತು ಹಚ್ಚುವಾಗ ನಾವು ಗೃಹಸ್ಥರು ಕೈ ತಡೆಯುವುದು ಕಡಿಮೆ. ನೆಂಟರು ಬಂದು ಕೂತು ಕಾಫಿ ಲೋಟ ಕೆಳಗಿಡುವ ಮೊದಲೇ "ದೊಡ್ಡವನು ಜಾಣ, ಚಿಕ್ಕವನದು ಸ್ವಲ್ಪ ಮೊಂಡುಬುದ್ಧಿ" ಎಂದು ಪರಿಚಯ ಮಾಡಿಕೊಟ್ಟಿರುತ್ತೇವೆ. ಚಿಕ್ಕವನು ಬಾಗಿಲ ಹಿಂದೆಯೇ ನಿಂತಿರುತ್ತಾನೆ. ಹೊಸದಾಗಿ ಬಂದ ಸೊಸೆಗೂ ತಿಂಗಳು ತುಂಬುವುದರೊಳಗೆ ಒಂದು ಹಣೆಪಟ್ಟಿ ಸಿದ್ಧ. ಅದನ್ನು ಕಟ್ಟಿದವರು ಸಂಜೆಗೆ ಮರೆತರೂ ಕಟ್ಟಿಸಿಕೊಂಡವರು ಅದಕ್ಕೆ ತಕ್ಕ ಹಾಗೆ ನಡೆಯತೊಡಗುತ್ತಾರೆ. ಮೊಂಡ ಎನಿಸಿಕೊಂಡವನು ನಿಜವಾಗಿಯೂ ಮೊಂಡು ಹಿಡಿಯುತ್ತಾನೆ. ಅದೇ ಹುಡುಗ ಗಾಳಿಪಟದ ಸೂತ್ರ ಕಟ್ಟುವಾಗ ಎಷ್ಟು ಹೊತ್ತು ತಾಳ್ಮೆಯಿಂದ ಕೂತಿರುತ್ತಾನೆ, ಅಜ್ಜಿಯ ಕನ್ನಡಕ ಎಲ್ಲಿದೆಯೆಂದು ಅವನೊಬ್ಬನಿಗೇ ಹೇಗೆ ಗೊತ್ತಿರುತ್ತದೆ ಎಂಬುದನ್ನು ಕೂತು ನೋಡಲು ನಮಗೆ ಪುರುಸೊತ್ತಾಗಿರುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಜನಜಂಗುಳಿ ಇರುತ್ತದೆ, ಬಿಸಿಲೂ ಇರುತ್ತದೆ, ಆದರೂ ಮಕ್ಕಳನ್ನು ಕರೆದುಕೊಂಡು ಹೋಗಿ. ಎಲ್ಲಾದರೂ ಸೂಕ್ಷ್ಮದರ್ಶಕ ಇಟ್ಟಿರುವುದು ಕಂಡರೆ ಸಾಲಿನಲ್ಲಿ ನಿಂತು, ಮೊದಲು ಚಿಕ್ಕವನಿಗೆ ನೋಡಲು ಬಿಡಿ. ಅವನಿಗೆ ಎಷ್ಟು ಅಂಕ ಬಂದಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ದಯವಿಟ್ಟು ನೀವೂ ಹೇಳಬೇಡಿ.