ದೈವವೂ ಪ್ಲೈವುಡ್ಡೂ

ಅಟ್ಲಾಂಟಿಕ್ ಸಾಗರದಲ್ಲಿ ಚಂಡಮಾರುತ ಎದ್ದಿದೆ, ಎರಡು ಮೂರು ದಿನದಲ್ಲಿ ದಡ ಮುಟ್ಟಲಿದೆ ಎಂಬ ಸುದ್ದಿ ಬಂದರೆ ಫ್ಲೋರಿಡಾದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಪ್ಲೈವುಡ್‌ಗೆ ನೂಕುನುಗ್ಗಲು. ಕಿಟಕಿಯ ಅಳತೆಗೆ ಕೊಯ್ದು, ಯಾವ ಹಲಗೆ ಯಾವ ಕಿಟಕಿಗೆಂದು ಗುರುತು ಹಾಕಿ, ಗೋಡೆಗೆ ಬೋಲ್ಟ್ ಬಿಗಿಯುತ್ತಾರೆ. ಆಮೇಲೆ ಕೆಲವರು ಅದರ ಮೇಲೆ ಸ್ಪ್ರೇ ಬಣ್ಣದಲ್ಲಿ ಏನಾದರೂ ಬರೆಯುವುದುಂಟು. ಒಂದು ಮನೆಯ ಹಲಗೆಯಲ್ಲಿ ಚಂಡಮಾರುತವನ್ನು ಹೆಸರು ಹಿಡಿದು ಬೈದಿದ್ದರೆ, ಇನ್ನೊಂದು ಮನೆಯದರಲ್ಲಿ ದೇವರಿಗೆ ಮೊರೆ. ಕಾಪಾಡೆಂದು ಬೇಡಿದ ಮೇಲೆ ಹಲಗೆ ಯಾಕೆ? ಹಲಗೆ ಗಟ್ಟಿಯಿದ್ದರೆ ಮೊರೆ ಯಾಕೆ? ನಾಸ್ತಿಕರು ತಮಾಷೆಗೆ ಕೇಳುವ ಈ ಪ್ರಶ್ನೆಯನ್ನು ಆಸ್ತಿಕರು ಬಹಳ ಹಿಂದಿನಿಂದಲೂ ಗಂಭೀರವಾಗಿಯೇ ಕೇಳಿಕೊಂಡು ಬಂದಿದ್ದಾರೆ.

ಬೆಂಜಮಿನ್ ಫ್ರಾಂಕ್ಲಿನ್ ಸಿಡಿಲು ತಡೆಯುವ ಕಬ್ಬಿಣದ ಸಲಾಕೆಯನ್ನು ಪ್ರಚಾರಕ್ಕೆ ತಂದದ್ದು 1750ರ ದಶಕದಲ್ಲಿ. 1755ರ ನವೆಂಬರ್‌ನಲ್ಲಿ ಬಾಸ್ಟನ್ ನಗರ ಭೂಕಂಪಕ್ಕೆ ನಡುಗಿದಾಗ ಅಲ್ಲಿನ ಪಾದ್ರಿ ಥಾಮಸ್ ಪ್ರಿನ್ಸ್ ಆ ಸಲಾಕೆಗಳತ್ತ ಬೆರಳು ತೋರಿಸಿದ. ಆಕಾಶದ ವಿದ್ಯುತ್ತನ್ನು ಅವು ನೆಲಕ್ಕೆ ಇಳಿಸುತ್ತಿವೆ, ಅದಕ್ಕೇ ನೆಲ ಅದುರಿತು, ದೇವರ ಕೈಯಿಂದ ತಪ್ಪಿಸಿಕೊಳ್ಳಲು ಯಾರಿಗೂ ಆಗದು ಎಂಬುದು ಅವನ ವಾದ. ಹಾರ್ವರ್ಡ್‌ನ ಪ್ರಾಧ್ಯಾಪಕ ಜಾನ್ ವಿಂತ್ರಾಪ್ ಅದನ್ನು ಬಹಿರಂಗವಾಗಿಯೇ ಅಲ್ಲಗಳೆದ. ಸಲಾಕೆಗಳು ಉಳಿದವು. ಮುಂದೆ ಚರ್ಚ್‌ಗಳ ಗೋಪುರಗಳ ಮೇಲೂ ಬಂದವು.

ಧರ್ಮಗ್ರಂಥಗಳನ್ನು ತೆರೆದು ನೋಡಿದರೆ ಅವು ಪ್ರಿನ್ಸ್‌ನಿಗಿಂತ ಬಡಗಿಯ ಕಡೆಗೇ ಹೆಚ್ಚು ವಾಲುತ್ತವೆ. ಬೈಬಲ್ಲಿನ ಧರ್ಮೋಪದೇಶಕಾಂಡದ 22ನೇ ಅಧ್ಯಾಯ, ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಲೇಬೇಕೆಂದು ವಿಧಿಸುತ್ತದೆ. ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ದೋಷ ಮನೆಯವನಿಗೆ. ಮೊದಲು ಒಂಟೆಯನ್ನು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭಾರ ಹಾಕು ಎಂಬರ್ಥದ ಹದೀಸ್ ತಿರ್ಮಿದಿ ಸಂಗ್ರಹದಲ್ಲಿದೆ. ಮಹಾಭಾರತದ ಅನುಶಾಸನ ಪರ್ವದಲ್ಲಿ ಯುಧಿಷ್ಠಿರ ನೇರವಾಗಿಯೇ ಕೇಳುತ್ತಾನೆ: ದೈವ ದೊಡ್ಡದೋ ಪುರುಷಪ್ರಯತ್ನವೋ? ಭೀಷ್ಮ ಹೇಳುವ ಉತ್ತರದಲ್ಲಿ ಪ್ರಯತ್ನ ಹೊಲ, ದೈವ ಬೀಜ; ಎರಡೂ ಕೂಡದೆ ಬೆಳೆಯಿಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ. ದೈವದ ಸರದಿ ಬರುವುದು ಐದನೆಯದಾಗಿ.

ಆದರೆ ಎರಡೂ ಬೇಕು ಎಂದು ರಾಜಿ ಮಾಡಿಸಿದರೆ ಪ್ರಶ್ನೆ ಮುಗಿಯುವುದಿಲ್ಲ. ಎಷ್ಟು ಪಾಲು ಪ್ರಯತ್ನದ್ದು, ಎಷ್ಟು ದೈವದ್ದು? ಆ ಗೆರೆ ಎಲ್ಲಿದೆ ಎಂಬುದಕ್ಕೆ ಒಂದು ಕಿಟಕಿಯೇ ಒಳ್ಳೆಯ ಸಾಕ್ಷಿ.

1992ರ ಆಗಸ್ಟ್ 24ರ ನಸುಕಿನಲ್ಲಿ ಆಂಡ್ರ್ಯೂ ಚಂಡಮಾರುತ ಮಿಯಾಮಿಯ ದಕ್ಷಿಣಕ್ಕೆ, ಹೋಮ್‌ಸ್ಟೆಡ್ ಪಟ್ಟಣದ ಬಳಿ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 265 ಕಿಲೋಮೀಟರ್. ಟಿವಿಯಲ್ಲಿ ಹವಾಮಾನ ತಜ್ಞ ಬ್ರಯಾನ್ ನಾರ್ಕ್ರಾಸ್, ಒಳಗಿನ ಕೋಣೆಗೆ ಹೋಗಿ ಮೈಮೇಲೆ ಹಾಸಿಗೆ ಎಳೆದುಕೊಳ್ಳಿ ಎಂದು ಜನರಿಗೆ ಹೇಳುತ್ತಲೇ ಇದ್ದರು. ಹೊರಗೆ ಛಾವಣಿಗಳು ಹಾರುತ್ತಿದ್ದವು. ಅವು ಹಾರುವ ಬಗೆ ಹೀಗೆ: ಹಾರಿ ಬಂದ ಹೆಂಚೋ ಮರದ ತುಂಡೋ ಗಾಳಿಗೆದುರಾದ ಕಿಟಕಿಯನ್ನು ಒಡೆಯುತ್ತದೆ. ನುಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಅದು ಛಾವಣಿಯನ್ನು ಒಳಗಿನಿಂದ ಮೇಲಕ್ಕೆ ಒತ್ತುತ್ತದೆ. ಅದೇ ಹೊತ್ತಿಗೆ ಮೇಲೆ ಹಾಯುವ ಗಾಳಿ ಹೊರಗಿನಿಂದ ಹೀರುತ್ತದೆ. ಕಿತ್ತ ಛಾವಣಿಯ ಚೂರುಗಳು ಮುಂದಿನ ಮನೆಯ ಕಿಟಕಿಗೆ ಬಡಿಯುತ್ತವೆ. ಗಾಜಿನ ಮೇಲೆ ಅಡ್ಡಡ್ಡ ಟೇಪು ಅಂಟಿಸಿದರೆ ಇದಾವುದೂ ನಿಲ್ಲದು, ಒಡೆದ ಚೂರುಗಳು ಇನ್ನಷ್ಟು ದೊಡ್ಡವಾಗಿ ಹಾರುತ್ತವೆ ಅಷ್ಟೇ. ಒತ್ತಡ ಸಮವಾಗಲೆಂದು ಕಿಟಕಿ ತೆರೆದಿಡುವುದಂತೂ ಗಾಳಿಯನ್ನು ತಾವಾಗಿಯೇ ಒಳಗೆ ಕರೆದಂತೆ.

ಗಾಳಿ ಇಳಿದ ಮೇಲೆ 25,000ಕ್ಕೂ ಹೆಚ್ಚು ಮನೆಗಳು ನೆಲಸಮವಾಗಿದ್ದವು. ವಿಧಿ ಎಂದು ಕೈಚೆಲ್ಲಲು ಸಕಲ ಕಾರಣಗಳೂ ಇದ್ದವು. ಆದರೆ ಅವಶೇಷಗಳ ನಡುವೆ ಓಡಾಡಿದವರಿಗೆ ಕಂಡದ್ದು ಬೇರೆ. ಎಷ್ಟೋ ಕಡೆ ಛಾವಣಿಯ ಹಲಗೆಗೆ ಹೊಡೆದ ಪಿನ್ನುಗಳು ಕೆಳಗಿನ ತೊಲೆಗೆ ತಾಗಿಯೇ ಇರಲಿಲ್ಲ. ಪಕ್ಕಕ್ಕೆ ಸರಿದು, ಏನನ್ನೂ ಹಿಡಿಯದೆ ಹೊಳೆಯುತ್ತಿದ್ದವು. ಕಟ್ಟಿದವರು ಅವಸರ ಮಾಡಿದ್ದರು, ತಪಾಸಣೆ ಮಾಡಬೇಕಾದವರು ಕಣ್ಣು ಮುಚ್ಚಿದ್ದರು. ಮಿಯಾಮಿ ಇರುವ ಡೇಡ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ ಆ ವರ್ಷವೇ ಕಟ್ಟಡ ನಿಯಮಗಳ ಈ ಸಡಿಲಿಕೆಯನ್ನು ತರಾಟೆಗೆ ತೆಗೆದುಕೊಂಡಿತು.

ಅನಾಹುತದಲ್ಲಿ ಕಟ್ಟಿದವರ ಪಾಲೂ ಇದೆ ಎಂಬ ಮಾತನ್ನು ರೂಸೋ 1756ರಲ್ಲೇ ಆಡಿದ್ದ. ಹಿಂದಿನ ವರ್ಷ ಸಕಲ ಸಂತರ ಹಬ್ಬದ ಬೆಳಿಗ್ಗೆ, ಚರ್ಚ್‌ಗಳು ತುಂಬಿದ್ದ ವೇಳೆಯಲ್ಲೇ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿದಿತ್ತು. ಇದ್ದುದರಲ್ಲೇ ಅತ್ಯುತ್ತಮ ಲೋಕ ಇದು ಎನ್ನುವ ತತ್ವವನ್ನು ವಾಲ್ಟೇರ್ ಕವಿತೆ ಬರೆದು ಹಂಗಿಸಿದ. ಅವನಿಗೆ ಬರೆದ ಕಾಗದದಲ್ಲಿ ರೂಸೋ, ಅಲ್ಲಿ ಆರೇಳು ಅಂತಸ್ತಿನ ಸಾವಿರಾರು ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ ಎಂದ. ನಮ್ಮಲ್ಲಿ 1934ರ ಬಿಹಾರ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಟ್ಯಾಗೋರ್ ಒಪ್ಪಲಿಲ್ಲ, ಪ್ರಕೃತಿಯ ಘಟನೆಗೆ ನೀತಿಯ ಲೆಕ್ಕ ಜೋಡಿಸಬಾರದೆಂದು ವಾದಿಸಿದರು. ಆ ಪ್ರತಿಭಟನೆಯನ್ನು ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಹಾಕಿ ಉತ್ತರ ಕೊಟ್ಟರು. ಗಾಳಿ ಬೀಸುವುದಕ್ಕೂ ಪಾಪಕ್ಕೂ ನಂಟಿಲ್ಲ ಎಂಬಲ್ಲಿ ಟ್ಯಾಗೋರ್ ಸರಿ. ಛಾವಣಿ ಹಾರುವುದಕ್ಕೆ ಮಾತ್ರ ಪಾಪದ ನಂಟು ಇದ್ದೇ ಇದೆ. ತೊಲೆಗೆ ತಾಗದ ಪಿನ್ನು ಯಾರದೋ ತಪ್ಪು. ಅದರ ಫಲ ಉಣ್ಣುವವರು ಬೇರೆ ಯಾರೋ.

ಆಂಡ್ರ್ಯೂ ಕಲಿಸಿದ ಪಾಠದಿಂದ ಅದೇ ಕೌಂಟಿ, ಈಗಿನ ಮಿಯಾಮಿ-ಡೇಡ್, ಒಂದು ಪರೀಕ್ಷೆ ರೂಪಿಸಿತು. ನಾಲ್ಕು ಕಿಲೋ ತೂಕದ ಮರದ ರೀಪನ್ನು ಗಾಳಿಯ ಫಿರಂಗಿಯಿಂದ ಸೆಕೆಂಡಿಗೆ 50 ಅಡಿ ವೇಗದಲ್ಲಿ ಕಿಟಕಿಗೆ ಹೊಡೆಯುತ್ತಾರೆ. ಗಾಜು ಬಿರಿಯಬಹುದು, ತೂತಾಗಬಾರದು. ಆಮೇಲೆ ಅದೇ ಬಿರಿದ ಗಾಜನ್ನು 9,000 ಬಾರಿ ಒತ್ತಿ, ಎಳೆದು ನೋಡುತ್ತಾರೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವ ಕಿಟಕಿಗಳು ಇದರಲ್ಲಿ ಪಾಸಾಗುತ್ತವೆ. 2002ರಲ್ಲಿ ಇಡೀ ಫ್ಲೋರಿಡಾಕ್ಕೆ ಒಂದೇ ಕಟ್ಟಡ ನಿಯಮ ಜಾರಿಗೆ ಬಂತು. ಅಂದರೆ ಒಂದು ಕಾಲಕ್ಕೆ ವಿಧಿಯ ಪಾಲಿಗೆ ಬರೆದಿದ್ದ ಒಡೆದ ಕಿಟಕಿ ಈಗ ಕಟ್ಟಡ ನಿಯಮದ ಒಂದು ಕಲಮು. ಉಪಾಯ ಗೊತ್ತಾದ ಕ್ಷಣದಿಂದ ಅದು ದೈವದ ಖಾತೆಯಿಂದ ಮನುಷ್ಯನ ಖಾತೆಗೆ ಬಂತು. ಹಲಗೆ ಬಿಗಿಯುವ ಭಕ್ತ ದೇವರನ್ನು ನಂಬದವನಲ್ಲ. ತನ್ನ ಪಾಲಿನದನ್ನು ದೇವರ ಮೇಲೆ ಹೇರದವನು. ತನ್ನ ಛಾವಣಿ ನೆರೆಮನೆಗೆ ಬಡಿಯದಂತೆ ನೋಡಿಕೊಂಡವನು ಕೂಡ.

ಹಲಗೆಗೂ ದುಡ್ಡು ಬೇಕು ಎಂಬಲ್ಲಿ ಪ್ರಶ್ನೆ ಮತ್ತೆ ಕಠಿಣವಾಗುತ್ತದೆ. ಆಂಡ್ರ್ಯೂ ಬಂದಾಗ ಹೋಮ್‌ಸ್ಟೆಡ್‌ನಲ್ಲಿದ್ದ 1,176 ಮೊಬೈಲ್ ಮನೆಗಳ ಪೈಕಿ 1,167 ಪೂರ್ತಿ ನಾಶವಾದವು. ಅಗ್ಗವೆಂದೇ ಜನ ಅಂಥ ಮನೆಗಳಲ್ಲಿದ್ದರು. ಮನೆ ಭದ್ರಪಡಿಸಲು ಫ್ಲೋರಿಡಾ ಸರ್ಕಾರ 2006ರಲ್ಲಿ ಆರಂಭಿಸಿ 2022ರಲ್ಲಿ ಮತ್ತೆ ಜೀವ ಕೊಟ್ಟ ಯೋಜನೆಯಲ್ಲಿ ಮನೆಯವರು ಒಂದು ಡಾಲರ್ ಹಾಕಿದರೆ ಸರ್ಕಾರ ಎರಡು ಕೊಡುತ್ತದೆ, ಗರಿಷ್ಠ 10,000 ಡಾಲರ್. ಒಳ್ಳೆಯ ಯೋಜನೆ. ಆದರೆ ಅದು ಸ್ವಂತ ಮನೆಯಿದ್ದವರಿಗೆ. ಬಾಡಿಗೆದಾರ ಅರ್ಜಿ ಹಾಕುವಂತಿಲ್ಲ. ಮುಂದಿನ ಚಂಡಮಾರುತಕ್ಕೆ ಆ ಬಾಡಿಗೆದಾರನ ಕಿಟಕಿ ಒಡೆದರೆ ಅದನ್ನು ದೈವೇಚ್ಛೆ ಎನ್ನುವ ಅಧಿಕಾರ ಮನೆ ಮಾಲೀಕನಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ.