ನಾಲ್ಕು ದಿನದ ಮರಿ

ಬಕ್ರೀದ್ ಹತ್ತಿರವಾದಂತೆ ದೆಹಲಿಯ ಜಾಮಾ ಮಸೀದಿಯ ಸುತ್ತ ಆಡು ಕುರಿಗಳ ಸಂತೆ ನೆರೆಯುತ್ತದೆ. ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ: ಆಡಿಗೆ ವರ್ಷ ತುಂಬಿರಬೇಕು, ಊನ ಇರಬಾರದು. ಹೋದ ಸಲ ಅಲ್ಲೇ ಒಂದು ಗಲ್ಲಿಯಲ್ಲಿ, ಸ್ಕೂಟರಿಗೆ ಕಟ್ಟಿದ್ದ ಹೋತಕ್ಕೆ ಪುಟ್ಟ ಹುಡುಗನೊಬ್ಬ ಸೊಪ್ಪು ತಿನ್ನಿಸುತ್ತಿದ್ದ. ಅದಕ್ಕೆ ಹೆಸರೂ ಇಟ್ಟಿದ್ದ. "ಹಬ್ಬದ ದಿನ ಇವನು ಊಟ ಮಾಡೋದಿಲ್ಲ, ನೋಡಿ" ಎಂದರು ಅವನ ಅಜ್ಜಿ.

ಬೆಟಗೇರಿಯ ಬಾಸೆಲ್ ಮಿಶನ್ ಸಭೆಯಲ್ಲಿ ಬೆಳೆದವಳು ನಾನು. ವಿಮೋಚನಕಾಂಡದ 12ನೆಯ ಅಧ್ಯಾಯ ಸಂಡೇ ಸ್ಕೂಲಿನಲ್ಲೇ ಬಾಯಿಪಾಠ. ಇಸ್ರಾಯೇಲರ ಪಸ್ಕ ಹಬ್ಬದ ಮರಿ ಒಂದು ವರ್ಷದ ಗಂಡಾಗಿರಬೇಕು, ಕುರಿಯಾದರೂ ಸರಿ, ಆಡಾದರೂ ಸರಿ. ತಿಂಗಳ 10ರಂದು ಆರಿಸಬೇಕು, 14ರ ಸಂಜೆ ಕೊಯ್ಯಬೇಕು. ನಡುವಿನ ನಾಲ್ಕು ದಿನ ಮಾತ್ರ ಆ ಗಲ್ಲಿಯಲ್ಲಿ ನಿಲ್ಲುವವರೆಗೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮರಿ ಮನೆಯ ಬಳಿ ಇದ್ದರೆ ಮಕ್ಕಳು ಸುಮ್ಮನಿರುತ್ತಾರೆಯೇ? ನೀರಿಡುತ್ತಾರೆ, ಕಿವಿ ಸವರುತ್ತಾರೆ. ಐದನೆಯ ಸಂಜೆಗೆ ಅದು ಯಾವುದೋ ಕುರಿಯಲ್ಲ, ನಮ್ಮ ಮರಿ.

ಪ್ರವಾದಿ ನಾತಾನನಿಗೆ ಇದು ಗೊತ್ತಿತ್ತು. ಬಡವನ ಒಂದೇ ಒಂದು ಕುರಿಮರಿ ಅವನ ತುತ್ತಿನಲ್ಲೇ ತಿಂದು, ಅವನ ಬಟ್ಟಲಲ್ಲೇ ಕುಡಿದು, ಎದೆಗಾತು ಮಲಗುತ್ತಿತ್ತು, ಅದನ್ನೇ ಸಿರಿವಂತನೊಬ್ಬ ಕಿತ್ತುಕೊಂಡು ಕೊಯ್ದ ಎಂದು ಅವನು ಹೇಳಿದಾಗ ದಾವೀದ ಉರಿದೆದ್ದ. ಅರಸನಾದರೂ ಕುರಿ ಕಾದ ಕೈ ಅವನದು. ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಹಿಂಡು ತಂಗಿಸುತ್ತಿದ್ದ ಕುರುಬರ ಅಜ್ಜನೂ ಆಗತಾನೆ ಈದ ಮರಿಯನ್ನು ಕಂಬಳಿಯೊಳಗಿಟ್ಟುಕೊಂಡೇ ರಾತ್ರಿ ಕಳೆಯುತ್ತಿದ್ದ. ದೆಹಲಿಯ ಹಿಂದಿ ಆರಾಧನೆಯಲ್ಲಿ 23ನೆಯ ಕೀರ್ತನೆಯ ದೇವರು 'ಚರವಾಹಾ', ಮೇಯಿಸುವವನು. ಕನ್ನಡದ ಬೈಬಲ್ಲಿನಲ್ಲಿ 'ಕುರುಬ'. ಆ ಮಾತು ಕೇಳಿದರೆ ನನಗೆ ಕಂಬಳಿಯ ವಾಸನೆಯೇ ಬರುತ್ತದೆ.

ಯೇಸುಸ್ವಾಮಿಯನ್ನು ದೇವರ ಕುರಿ ಎಂದು ಸ್ನಾನಿಕ ಯೋಹಾನ ಕರೆದದ್ದನ್ನು ನಾವು ಸಾಧುತನಕ್ಕೆ ಹೇಳಿದ ಮಾತು ಮಾಡಿಬಿಟ್ಟಿದ್ದೇವೆ. ಕ್ರಿಸ್‌ಮಸ್ ಕಾರ್ಡಿನ ಅರಳೆಯಂಥ ಮರಿ ಅದೇ. ನನಗದು ಒಪ್ಪಿಗೆಯಿಲ್ಲ. ಪಸ್ಕಕ್ಕೆ ಮೊದಲು ಯೆರೂಸಲೇಮಿಗೆ ಬಂದ ಯೇಸುಸ್ವಾಮಿ ಆ ದಿನಗಳನ್ನು ಜನರ ನಡುವೆಯೇ ಕಳೆದರು. ದೇವಾಲಯದಲ್ಲಿ ಬೋಧಿಸಿದರು, ಬೇಥಾನ್ಯದಲ್ಲಿ ಊಟಕ್ಕೆ ಕೂತರು, ಶಿಷ್ಯರ ಕಾಲು ತೊಳೆದರು. ಶಿಲುಬೆಗೇರಿದ್ದು ಗುರುತಿಲ್ಲದ ಯಾರೋ ಅಲ್ಲ, ಜೊತೆಗೆ ಉಂಡವರು.

ಇನ್ನು ಮುಂದೆ ವಿಮೋಚನಕಾಂಡದ ಆ ಅಧ್ಯಾಯ ಓದುವಾಗ ಮೂರನೆಯ ವಚನದಿಂದ ಆರನೆಯ ವಚನಕ್ಕೆ ಓಡಬೇಡಿ. ನಡುವೆ ನಾಲ್ಕು ದಿನಗಳಿವೆ.